ಹಳೇ ಡ್ರಮ್ಮಿಗೆ ಹೊಸ ಜೀವಾಳ!

ಹಾಡು ಕೇಳ್ತೀರಿ. ಹಾಡಿದವರು ಯಾರು ಅಂತ ಥಟ್ಟನೆ ಹೇಳ್ತೀರಿ. ಸಂಗೀತ ನಿರ್ದೇಶಕರ ಹೆಸರೂ ನಿಮ್ಮ ನಾಲಗೆಯ ತುದಿಯಲ್ಲೇ ಇರುತ್ತೆ. ತೆರೆಯ ಮೇಲೆ ಕುಣಿದ ನಾಯಕ-ನಾಯಕಿಯರ ಬಗ್ಗೆಯಂತೂ ಕೇಳುವುದೇ ಬೇಡ! ಆದರೆ ಚಿತ್ರರಸಿಕರೇ, ನನ್ನದೊಂದು ಪ್ರಶ್ನೆ. ಹಾಡು ಶುರುವಾದ ಕೂಡಲೇ ನಿಮ್ಮ ಕಾಲು ತಾನಾಗಿ ನೆಲ ತಟ್ಟುತ್ತದಲ್ಲ, ಹಾಗೆ ತಟ್ಟಿಸುವವರು ಯಾರು? ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿಕೊಂಡು ಹೋದರೆ ಎರಡಕ್ಕೂ ನಾಲ್ಕಕ್ಕೂ 'ಛಟ್' ಎಂದು ಬೀಳುವ ಆ ಏಟು ಯಾವ ವಾದ್ಯದ್ದು?

ಅದೇ ಸೈಡ್ ಡ್ರಮ್. ಕಲಿತವರು ಸ್ನೇರ್ ಡ್ರಮ್ ಅನ್ನುತ್ತಾರೆ. ಆರ್ಕೆಸ್ಟ್ರಾದ ನಮ್ಮಂಥವರ ಬಾಯಲ್ಲಿ ಅದು ಎಂದೆಂದಿಗೂ ಸೈಡ್ ಡ್ರಮ್ಮೇ.

1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ಅಣ್ಣಾವ್ರು ಇಂಗ್ಲಿಷ್ ಹಾಡು ಹಾಡಿ ನಾಡನ್ನೇ ಕುಣಿಸಿದರು. 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಬಂತು. ಇಳಯರಾಜಾ ಅವರ ಆ ಹಾಡುಗಳನ್ನು ಹೊಡೆಯಲು ಬಾರದ ಡ್ರಮ್ಮರ್‌ಗೆ ರಸಮಂಜರಿ ವೇದಿಕೆಯಲ್ಲಿ ಜಾಗವೇ ಇರಲಿಲ್ಲ! ಹಿಂದಿಯಲ್ಲಿ ಅದಕ್ಕೂ ಮೊದಲೇ, 1966ರ 'ತೀಸ್ರಿ ಮಂಜಿಲ್' ಚಿತ್ರದಲ್ಲಿ, ಶಮ್ಮಿ ಕಪೂರ್ ಡ್ರಮ್ ಬಾರಿಸುವ ನಾಯಕನಾಗಿ ಬಂದು ಹುಡುಗರ ತಲೆ ಕೆಡಿಸಿದ್ದರು. ಆ ಕಾಲದಲ್ಲಿ ತಲೆ ಕೆಡಿಸಿಕೊಂಡವರಲ್ಲಿ ಒಬ್ಬರ ಡ್ರಮ್ಮಿನ ಕಥೆಯನ್ನು ಇವತ್ತು ನಿಮಗೆ ಹೇಳಬೇಕು. ಕಥೆಯ ಜೊತೆಗೆ ಕೆಲಸವನ್ನೂ ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ತಂಬೂರಿಗೆ ದಾರ, ಡ್ರಮ್ಮಿಗೆ ತಂತಿ

ಮೊದಲು ಈ ವಾದ್ಯದ ಗುಟ್ಟು ತಿಳಿದುಕೊಳ್ಳೋಣ. ಸೈನ್ಯದಲ್ಲಿ ನಡೆಯುತ್ತಾ ಬಾರಿಸುವವನು ಪಟ್ಟಿ ಕಟ್ಟಿ ಸೊಂಟದ ಪಕ್ಕಕ್ಕೆ ತೂಗುಬಿಟ್ಟುಕೊಳ್ಳುತ್ತಿದ್ದ. ಅದಕ್ಕೇ ಸೈಡ್ ಡ್ರಮ್ ಎಂಬ ಹೆಸರು. ಮೈಸೂರು ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡು ಹಾದು ಹೋಗುವಾಗ 'ಟರ್‍ರ್...' ಎಂದು ಎದೆ ನಡುಗಿಸುವುದು ಇದೇ. ಮದುವೆ ದಿಬ್ಬಣದ ಬ್ಯಾಂಡ್ ಸೆಟ್ಟಿನಲ್ಲೂ ಇದೇ.

ಇದಕ್ಕೆ ಎರಡು ಮುಖ. ಮೇಲಿನ ಸ್ಕಿನ್ನು ದಪ್ಪ, ಕೋಲಿನ ಏಟು ಬೀಳುವುದು ಅದರ ಮೇಲೆ. ಕೆಳಗಿನ ಸ್ಕಿನ್ನು ತೀರಾ ತೆಳು, ಬಾಳೆಹಣ್ಣಿನ ಸಿಪ್ಪೆಗಿಂತಲೂ ತೆಳು. ಆ ತೆಳು ಸ್ಕಿನ್ನಿಗೆ ಒತ್ತಿಕೊಂಡು ಸುರುಳಿ ಸುತ್ತಿದ ಉಕ್ಕಿನ ತಂತಿಗಳು, ಸಾಮಾನ್ಯವಾಗಿ 20 ಎಳೆ, ಅಡ್ಡಲಾಗಿ ಮಲಗಿರುತ್ತವೆ. ಮೇಲೆ ಏಟು ಬಿದ್ದ ತಕ್ಷಣ ಒಳಗಿನ ಗಾಳಿ ಕೆಳಗಿನ ಸ್ಕಿನ್ನನ್ನು ತಳ್ಳುತ್ತದೆ. ಸ್ಕಿನ್ನು ತಂತಿಯನ್ನು ತಟ್ಟುತ್ತದೆ. ತಂತಿ ಮತ್ತೆ ಸ್ಕಿನ್ನನ್ನು ತಟ್ಟುತ್ತದೆ. ಅದೇ ನೀವು ಕೇಳುವ 'ಛಟ್'. ಪಕ್ಕದ ಚಿಕ್ಕ ಸನ್ನೆ ಎಳೆದು ತಂತಿ ಸಡಿಲಿಸಿದರೆ 'ಛಟ್' ಹೋಗಿ ಬರೀ 'ದಬ್' ಉಳಿಯುತ್ತದೆ.

ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನ ಎಳೆ ಸಿಕ್ಕಿಸುತ್ತಾರೆ, ನೋಡಿದ್ದೀರಾ? ಅದಕ್ಕೆ ಜೀವಾಳ ಅಂತಾರೆ. ಅದು ಸರಿಯಾದ ಜಾಗಕ್ಕೆ ಬಂದಾಗಲೇ ತಂಬೂರಿ ಝೇಂಕರಿಸುವುದು. ಸೈಡ್ ಡ್ರಮ್ಮಿನ ಆ 20 ಎಳೆಗಳೂ ಹಾಗೆಯೇ. ಅವೇ ಅದರ ಜೀವಾಳ.

ಒಂದು ಕಾಲಕ್ಕೆ ಈ ಸ್ಕಿನ್ನುಗಳು ನಿಜವಾದ ಕರುವಿನ ಚರ್ಮವೇ ಆಗಿದ್ದವು. ಮಳೆ ಬಂದರೆ ಸಡಿಲ, ಬಿಸಿಲು ಬಂದರೆ ಬಿಗಿ. 1950ರ ದಶಕದಲ್ಲಿ ಪ್ಲಾಸ್ಟಿಕ್ ಹಾಳೆಯ ಸ್ಕಿನ್ನು ಬಂತು. ಅಮೆರಿಕದ ರೆಮೊ ಬೆಲ್ಲಿ 1957ರಲ್ಲಿ ಕಂಪನಿಯನ್ನೇ ಕಟ್ಟಿ ಅದನ್ನು ಲೋಕಕ್ಕೆಲ್ಲ ಹಂಚಿದರು. ಆಮೇಲೆಯೇ ನಮ್ಮಂಥವರು ಮಲೆನಾಡಿನ ಮಳೆಗಾಲದಲ್ಲೂ ಧೈರ್ಯವಾಗಿ ಕಾರ್ಯಕ್ರಮ ಒಪ್ಪಿಕೊಳ್ಳುವಂತಾದದ್ದು!

ಮೇಷ್ಟ್ರ ಕೆಂಪು ಡ್ರಮ್ಮು

ಈಗ ಕಥೆಗೆ ಬರೋಣ. ನಾನು 1979ರಲ್ಲಿ ಬೆಂಗಳೂರಿನ ಒಂದು ವಾದ್ಯಗೋಷ್ಠಿಗೆ ಬೊಂಗೊ ಬಾರಿಸಲು ಸೇರಿದೆ. ಡ್ರಮ್ ಸೆಟ್ಟಿನ ಹಿಂದೆ ಕೂತಿದ್ದವರನ್ನು ಎಲ್ಲರೂ ಮೇಷ್ಟ್ರು ಅಂತಿದ್ದರು. ಶಾಲೆಯ ಮೇಷ್ಟ್ರಲ್ಲ, ತಾಳದ ಮೇಷ್ಟ್ರು. ಆಗ ಕನ್ನಡದ ಹಾಡುಗಳು ಬಹುಪಾಲು ಮದರಾಸಿನಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ಅಲ್ಲಿ ಬಾರಿಸಿದವರ ಹೆಸರು ರೆಕಾರ್ಡಿನ ಮೇಲೆ ಇರುತ್ತಿರಲಿಲ್ಲ. ಇಲ್ಲಿ ಕೂತ ಮೇಷ್ಟ್ರು ರೆಕಾರ್ಡ್ ಹಾಕಿ, ಕಿವಿಯಲ್ಲೇ ಏಟು ಎಣಿಸಿ, ನಮಗೆಲ್ಲ ಹೇಳಿಕೊಡುತ್ತಿದ್ದರು. ಗಣೇಶನ ಪೆಂಡಾಲು, ಊರ ಜಾತ್ರೆ, ನವೆಂಬರ್ ಬಂದರೆ ರಾಜ್ಯೋತ್ಸವ... ಬಸ್ಸಿನ ಟಾಪಿನ ಮೇಲೆ ಡ್ರಮ್ಮು, ಬಸ್ಸಿನೊಳಗೆ ನಾವು.

ಅವರ ಸೆಟ್ಟು ಕೆಂಪು ಮಿಂಚಿನ ಹಾಳೆ ಸುತ್ತಿದ್ದು. ಯಾವ ಕಂಪನಿಯದು ಅಂತ ಯಾರಿಗೂ ತಿಳಿಯದು. ಹೆಸರಿನ ಬಿಲ್ಲೆ ನಾನು ಸೇರುವ ಮೊದಲೇ ಉದುರಿಹೋಗಿತ್ತು. ಆದರೆ ವೇದಿಕೆಯ ದೀಪ ಬಿದ್ದರೆ ಸಾಕು, ಹಿಂದಿನ ಸಾಲಿನವರಿಗೂ ಕಾಣುವಂತೆ ಥಳಥಳ!

ಆಮೇಲೆ ಕಾಲ ಬದಲಾಯಿತು. 1985ರಲ್ಲಿ ಜಪಾನಿನ ರೋಲೆಂಡ್ ಕಂಪನಿಯ ಆಕ್ಟೋಪ್ಯಾಡ್ ಹೊರಬಂತು. ಎಂಟು ರಬ್ಬರ್ ಚೌಕ, ಕೋಲಿನಿಂದ ತಟ್ಟಿದರೆ ಬೇಕಾದ ಸದ್ದು. ಕ್ರಮೇಣ ನಮ್ಮ ವೇದಿಕೆಗಳಿಗೂ ರಿದಂ ಪ್ಯಾಡು ಬಂತು. ನಾನು ಅದನ್ನು ದೂರುವುದಿಲ್ಲ. ಒಂದು ಕೈಚೀಲದಲ್ಲಿ ಹಿಡಿಯುವ ವಾದ್ಯ ಎಷ್ಟೋ ಬಡ ಕಲಾವಿದರ ಹೊಟ್ಟೆ ಹೊರೆದಿದೆ, ನನ್ನದನ್ನೂ. ಆದರೆ ಮೇಷ್ಟ್ರ ಸೆಟ್ಟಿಗೆ ಕೆಲಸವಿಲ್ಲದಂತಾಯಿತು. ಬೇಸ್ ಡ್ರಮ್ಮು ಮಗಳ ಮದುವೆಗೆ ಹೋಯಿತು. ತಾಳದ ತಟ್ಟೆಗಳು ಯಾರೋ ಕೊಂಡರು. ಸೈಡ್ ಡ್ರಮ್ಮು ಒಂದು ಬ್ಯಾಂಡ್ ಸೆಟ್ಟಿನವರ ಪಾಲಾಯಿತು. ಕೊನೆಗೆ ಉಳಿದದ್ದು ಮೂರು ಕಾಲಿನ ಮೇಲೆ ನಿಲ್ಲುವ ದೊಡ್ಡ ಡ್ರಮ್ಮು, ಫ್ಲೋರ್ ಟಾಮ್, ಒಂದೇ. 14 ಇಂಚು ಅಗಲ, 14 ಇಂಚು ಎತ್ತರ. ಅದೂ ಬಹಳ ವರ್ಷ ಮನೆಯ ಮಾಳಿಗೆಯ ಮೂಲೆಯಲ್ಲಿ ಕೂತು, ಮೇಲೆ ಹಳೇ ಪೇಪರ್ ಹೊರೆ ಹೊತ್ತುಕೊಂಡಿತ್ತು.

ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ. ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದೆ. ಕಿವಿ ಮಾತ್ರ ಇಂದಿಗೂ ಚುರುಕು.

"ಕೊಯ್ಯೋದಾ?"

ಅವರ ಮೊಮ್ಮಗಳು ಕಾಲೇಜು ಹುಡುಗಿ. ತಾತನ ಕೋಲು ಅವಳ ಕೈಗೆ ಬಂದಿದೆ. ಕಾಲೇಜಿನ ರಾಜ್ಯೋತ್ಸವಕ್ಕೆ ಹುಡುಗರೆಲ್ಲ ಸೇರಿ ಹಳೇ ಹಾಡುಗಳ ರಸಮಂಜರಿ ಮಾಡುವುದೆಂದಾಯಿತು. ಹೇಗೋ ಒಂದು ಸೆಟ್ಟು ಎರವಲು ಸಿಕ್ಕಿತು, ಆದರೆ ಸೈಡ್ ಡ್ರಮ್ ಇಲ್ಲ! ಅಂಗಡಿಯಲ್ಲಿ ಒಳ್ಳೆಯದರ ಬೆಲೆ ಕೇಳಿ ಸುಮ್ಮನೆ ವಾಪಸು ಬಂದಿದ್ದಳು.

"ಅಂಕಲ್, ಮೇಲಿರೋ ದೊಡ್ಡ ಡ್ರಮ್ಮನ್ನೇ ಸೈಡ್ ಡ್ರಮ್ ಮಾಡೋಕೆ ಆಗುತ್ತಾ?" ಅಂದಳು ನನ್ನ ಹತ್ತಿರ.

ಆಗುತ್ತೆ. ಸೈಡ್ ಡ್ರಮ್ಮಿನ ಅಗಲವೂ ಸಾಮಾನ್ಯವಾಗಿ 14 ಇಂಚೇ. ಎತ್ತರ ಮಾತ್ರ ಕಡಿಮೆ: 5, ಐದೂವರೆ, ಹೆಚ್ಚೆಂದರೆ ಆರೂವರೆ. ಅಂದರೆ ಎತ್ತರ ಕಡಿಮೆ ಮಾಡಬೇಕು. ಅಂದರೆ... ಗರಗಸ ಹಾಕಬೇಕು.

ಮೇಷ್ಟ್ರು ಮಂಚದ ಮೇಲಿಂದಲೇ ಕೇಳಿಸಿಕೊಂಡರು. "ಕೊಯ್ಯೋದಾ?" ಅಂದರು. ಅಷ್ಟೇ. ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ನಾವಿಬ್ಬರೂ ಬಾಯಿ ಮುಚ್ಚಿಕೊಂಡೆವು.

ಇಲ್ಲಿ ಓದುಗರಿಗೊಂದು ಮಾತು ಹೇಳಲೇಬೇಕು. ಹಳೇ ಡ್ರಮ್ಮು ಸಿಕ್ಕಿತು ಅಂತ ಗರಗಸ ಹಿಡಿದುಬಿಡಬೇಡಿ! 1964ರ ಫೆಬ್ರವರಿ 9ರಂದು ಅಮೆರಿಕದ ಟೆಲಿವಿಷನ್ನಿನಲ್ಲಿ ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಕಪ್ಪು ಮುತ್ತಿನ ಹೊಳಪಿನ ಲಡ್ವಿಗ್ ಸೆಟ್ಟು ಬಾರಿಸಿದ್ದನ್ನು ಏಳು ಕೋಟಿಗೂ ಹೆಚ್ಚು ಜನ ನೋಡಿದರು. ಅಲ್ಲಿಂದ ಆ ಕಂಪನಿಯ ಡ್ರಮ್ಮುಗಳಿಗೆ ಹಿಡಿದ ಹುಚ್ಚು ಇನ್ನೂ ಇಳಿದಿಲ್ಲ. ಲಡ್ವಿಗ್, ಗ್ರೆಚ್, ಸ್ಲಿಂಗರ್‌ಲ್ಯಾಂಡ್, ಇಂಗ್ಲೆಂಡಿನ ಪ್ರೀಮಿಯರ್ — ಇಂಥ ಹೆಸರಿನ ಹಳೇ ಡ್ರಮ್ಮು ಅಂಗಾಂಗ ಸಮೇತ ಸಿಕ್ಕರೆ ಅದನ್ನು ಕೊಯ್ಯುವುದು ಪಾಪ. ಒರೆಸಿ ಇಡಿ, ಇಲ್ಲವೇ ಅದನ್ನು ಬಲ್ಲವರಿಗೆ ಕೊಡಿ. ಕೊಯ್ಯಬಹುದಾದದ್ದು ಅನಾಥ ಡ್ರಮ್ಮು ಮಾತ್ರ: ಜೊತೆಯವು ಹೋಗಿರಬೇಕು, ಹೆಸರಿಲ್ಲದಿರಬೇಕು, ಇದ್ದಂತೆ ಬಾರಿಸಲು ಆಗದಂತಿರಬೇಕು.

ಮೇಷ್ಟ್ರದ್ದು ಹಾಗಿತ್ತೆ? ಬೋಲ್ಟು ಬಿಚ್ಚಿ, ರಿಮ್ಮು ತೆಗೆದು, ಸ್ಕಿನ್ನು ಕಳಚಿದೆವು. ಇನ್ನುಳಿದದ್ದು ಬರೀ ಮರದ ಉರುಟು ಡಬ್ಬ. ನಮ್ಮ ಭಾಷೆಯಲ್ಲಿ ಶೆಲ್ಲು. ತೆಳ್ಳನೆಯ ಮರದ ಪದರಗಳನ್ನು ಒಂದರ ಮೇಲೊಂದು ಅಡ್ಡ-ಉದ್ದ ಅಂಟಿಸಿ ಬಗ್ಗಿಸಿದ್ದು. ಒಂದು ರೂಪಾಯಿ ನಾಣ್ಯ ಹಿಡಿದು ಸುತ್ತಲೂ ತಟ್ಟುತ್ತಾ ಹೋದೆ. ಮೇಲಿನ ಅರ್ಧದಲ್ಲಿ 'ಟಕ್ ಟಕ್' ಎಂಬ ಗಟ್ಟಿ ದನಿ. ಕೆಳಗೆ ಬರುತ್ತಾ ಬರುತ್ತಾ 'ಥಪ್ ಥಪ್'. ಮಾಳಿಗೆಯ ನೀರು ಕುಡಿದು ಕೆಳಗಿನ ನಾಲ್ಕು ಇಂಚು ಊದಿಕೊಂಡು, ಪದರ ಪದರವಾಗಿ ಬಿಟ್ಟುಕೊಂಡಿತ್ತು. ಆ ಡ್ರಮ್ಮು ಇನ್ನು ಫ್ಲೋರ್ ಟಾಮ್ ಆಗಿ ಬದುಕುವಂತಿರಲಿಲ್ಲ.

ಆಗ ಹುಡುಗಿ ಮೊಬೈಲಿನ ಟಾರ್ಚು ಒಳಗೆ ಬಿಟ್ಟು, "ಅಂಕಲ್, ಇಲ್ಲೇನೋ ಬರೆದಿದೆ!" ಅಂದಳು.

ಸೀಸದ ಕಡ್ಡಿಯ ಅಕ್ಷರ. ಮೇಲಿನ ಅಂಚಿನಿಂದ ಕೆಳಕ್ಕೆ ಒಂದರ ಕೆಳಗೊಂದು ಊರು, ಪಕ್ಕದಲ್ಲಿ ಇಸವಿ. ತಿಪಟೂರು 1978. ಕಡೂರು 1980. ಭದ್ರಾವತಿ 1982. ಮಂಡ್ಯ 1984... ಕೊನೆಯದು ಚಿಂತಾಮಣಿ 1991. ಒಟ್ಟು ಏಳು ಊರು.

ಇದೇನೆಂದು ನನಗೆ ಹೊಳೆದದ್ದು ಸ್ವಲ್ಪ ಯೋಚಿಸಿದ ಮೇಲೆ. ಡ್ರಮ್ಮಿನ ಒಳಗೆ ಬರೆಯಬೇಕಾದರೆ ಸ್ಕಿನ್ನು ಬಿಚ್ಚಿರಬೇಕು. ಸ್ಕಿನ್ನು ಬಿಚ್ಚುವುದು ಯಾವಾಗ? ಹರಿದಾಗ! ಫ್ಲೋರ್ ಟಾಮಿನ ಸ್ಕಿನ್ನು ಸುಲಭಕ್ಕೆ ಹರಿಯುವಂಥದ್ದಲ್ಲ. ಜನ ಒನ್ಸ್‌ಮೋರ್ ಒನ್ಸ್‌ಮೋರ್ ಅಂತ ಕೂಗಿ ಕೂಗಿ ಬಾರಿಸಿಕೊಂಡ ರಾತ್ರಿಗಳ ಲೆಕ್ಕ ಅದು.

ಶೆಲ್ಲನ್ನು ಹಾಗೇ ಎತ್ತಿಕೊಂಡು ಹೋಗಿ ಮಂಚದ ಪಕ್ಕದಲ್ಲಿಟ್ಟೆ. "ಮೇಷ್ಟ್ರೇ, ನೀವೇ ತಟ್ಟಿ ನೋಡಿ" ಅಂದೆ. ಎಡಗೈಯ ಬೆರಳಿನ ಗೆಣ್ಣಿನಿಂದ ಕೆಳಗೊಮ್ಮೆ ತಟ್ಟಿದರು. ಮೇಲೊಮ್ಮೆ ತಟ್ಟಿದರು. ಮತ್ತೆ ಕೆಳಗೊಮ್ಮೆ. ಅವರಿಗೆ ಬಿಡಿಸಿ ಹೇಳುವುದೇನಿತ್ತು? ತುಂಬಾ ಹೊತ್ತು ಬಿಟ್ಟು, "ಆ ಊರುಗಳನ್ನ ಕೊಯ್ಯಬೇಡಿ ಕಣಯ್ಯಾ. ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ" ಅಂದರು.

ಅಳತೆ ಅಲ್ಲಿಗೇ ಇತ್ಯರ್ಥವಾಯಿತು. ಪಟ್ಟಿ ಮೇಲಿನ ಅಂಚಿನಿಂದ ಐದೂವರೆ ಇಂಚಿನವರೆಗೆ ಇಳಿದಿತ್ತು. ನಾವು ಆರೂವರೆ ಇಂಚಿನ ಡ್ರಮ್ಮು ಮಾಡಬೇಕು. ಅದಕ್ಕೆ ಕಡಿಮೆ ಇಲ್ಲ.

ಕಾಗದ ಮಡಿಸಿದರೆ ಲೆಕ್ಕ ಸಿಕ್ಕಿತು

ಭಾನುವಾರ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋದೆ. ಸೊಟ್ಟಗಾದ ತಗಡಿನ ಸೈಡ್ ಡ್ರಮ್ಮೊಂದು ಸಿಕ್ಕಿತು. ಮೈ ನಜ್ಜುಗುಜ್ಜು, ಆದರೆ ಎರಡು ರಿಮ್ಮು, ಎಂಟು ಲಗ್ಗು, ತಂತಿ ಎಳೆಯುವ ಸನ್ನೆ, ಎದುರು ಕಡೆಯ ಹಿಡಿ ಎಲ್ಲ ಗಟ್ಟಿಯಾಗಿದ್ದವು. ನಮಗೆ ಬೇಕಾದದ್ದು ಅದೇ! ಹೊಸದಾಗಿ ಕೊಂಡದ್ದು ಎರಡು ಸ್ಕಿನ್ನು, ಒಂದು ಸಾಲು ತಂತಿ, ಹಾಗೂ ಬೋಲ್ಟುಗಳು. ಆ ತಗಡಿನ ಡ್ರಮ್ಮು ಐದೂವರೆ ಇಂಚಿನದು. ನಮ್ಮದು ಆರೂವರೆ. ಲಗ್ಗು ಮೈಯ ಮಧ್ಯಕ್ಕೆ ಕೂರುವುದರಿಂದ ಮೇಲಕ್ಕೆ ಅರ್ಧ, ಕೆಳಕ್ಕೆ ಅರ್ಧ ಇಂಚು ದೂರ ಹೆಚ್ಚಾಗುತ್ತದೆ. ಅದಕ್ಕೇ ಅರ್ಧ ಇಂಚು ಉದ್ದದ ಬೋಲ್ಟು ಬೇಕಾಯಿತು. ಇನ್ನೊಂದು ಎಚ್ಚರಿಕೆ: ಮರ ಕೊಯ್ಯುವ ಮೊದಲೇ ಹೊಸ ಸ್ಕಿನ್ನು ಶೆಲ್ಲಿನ ಮೇಲೆ ಸರಾಗವಾಗಿ ಕೂತು, ಸುತ್ತ ತುಸು ಸಡಿಲ ಉಳಿಯುತ್ತದೆಯೇ ನೋಡಿಕೊಳ್ಳಿ. ಬಿಗಿಯಾಗಿ ಸಿಕ್ಕಿಕೊಂಡರೆ ಆ ಶೆಲ್ಲು ಈ ಕೆಲಸಕ್ಕಲ್ಲ.

ಕೊಯ್ಯುವ ಗೆರೆ ಹಾಕುವುದು ಹೀಗೆ. ಸಮತಟ್ಟಾದ ದಪ್ಪ ಗಾಜಿನ ಮೇಲೆ ಶೆಲ್ಲನ್ನು ಮೇಲಿನ ಅಂಚು ಕೆಳಗಾಗುವಂತೆ ಬೋರಲು ನಿಲ್ಲಿಸಬೇಕು. ಆರೂವರೆ ಇಂಚಿಗಿಂತ ಒಂದು ನೂಲು ಹೆಚ್ಚು ಎತ್ತರಕ್ಕೆ ಮರದ ತುಂಡು ಜೋಡಿಸಿ, ಅದರ ಮೇಲೆ ಪೆನ್ಸಿಲ್ ಅಡ್ಡ ಹಿಡಿದು, ಶೆಲ್ಲನ್ನು ನಿಧಾನವಾಗಿ ತಿರುಗಿಸಬೇಕು. ಗೆರೆ ತಾನಾಗಿ ಸುತ್ತುತ್ತದೆ. ಆ ಗೆರೆಯ ಮೇಲೆ ಅಂಟುಪಟ್ಟಿ ಹಚ್ಚಿ, ಚೂಪು ಬ್ಲೇಡಿನಿಂದ ಗೀರಿಕೊಳ್ಳಬೇಕು. ಇಲ್ಲದಿದ್ದರೆ ಹಳೇ ಮಿಂಚಿನ ಹಾಳೆ ಚೂರು ಚೂರಾಗಿ ಏಳುತ್ತದೆ.

ಲಗ್ಗಿನ ತೂತಿನ ಲೆಕ್ಕ? 14 ಇಂಚು ಅಗಲದ ಉರುಟಿನ ಸುತ್ತಳತೆ ಸುಮಾರು 44 ಇಂಚು. ಎಂಟರಿಂದ ಭಾಗಿಸಿದರೆ ಐದೂವರೆ. ಆದರೆ ಶೆಲ್ಲು ಹೆಸರಿಗೆ 14 ಇಂಚಾದರೂ ನಿಜದಲ್ಲಿ ತುಸು ಕಡಿಮೆಯೇ ಇರುತ್ತದೆ. ಆದ್ದರಿಂದ ಸ್ಕೇಲು ಬೇಡ, ಕಾಗದ ಸಾಕು. ಉದ್ದನೆಯ ಕಾಗದದ ಪಟ್ಟಿಯನ್ನು ಶೆಲ್ಲಿಗೆ ಸುತ್ತಿ, ತುದಿ ಮುಟ್ಟಿದಲ್ಲಿ ಕತ್ತರಿಸಿ, ಮೂರು ಸಲ ಅರ್ಧಕ್ಕೆ ಮಡಿಸಿದರೆ ಎಂಟು ಭಾಗ! ನಾಲ್ಕನೇ ಸಲ ಮಡಿಸಿದರೆ ಎರಡು ಲಗ್ಗುಗಳ ನಡುವಿನ ಜಾಗವೂ ಸಿಗುತ್ತದೆ. ಎದುರುಬದುರಾದ ಅಂಥ ಎರಡು ಜಾಗದಲ್ಲಿ ಒಂದು ಕಡೆ ಸನ್ನೆ, ಇನ್ನೊಂದು ಕಡೆ ಹಿಡಿ.

ಈ ಪಟ್ಟಿಯನ್ನು ಹುಡುಗಿ ಶೆಲ್ಲಿನ ಸುತ್ತ ಅತ್ತಿತ್ತ ಜರುಗಿಸಿದಳು, ಜರುಗಿಸಿದಳು... ಯಾಕೆ ಗೊತ್ತೆ? ಯಾವ ತೂತೂ ಒಳಗಿನ ಒಂದು ಊರಿನ ಮೇಲೂ ಬೀಳಬಾರದು! ಕೊನೆಗೆ ಏಳು ಊರುಗಳೂ ಎರಡು ಲಗ್ಗುಗಳ ನಡುವೆ ಸುಖವಾಗಿ ಕೂತವು.

ಗರಗಸ, ಉಪ್ಪುಕಾಗದ ಮತ್ತು ಕತ್ತಲೆ ಕೋಣೆ

ಕೊಯ್ಯುವ ದಿನ ಬಂದವರು ನಮ್ಮ ಬೀದಿಯ ಆಚಾರಿ. ಬಾಗಿಲು-ಕಿಟಕಿ ಮಾಡಿದ ಕೈ. ಡ್ರಮ್ಮು ಹೊಸದು. ಸಣ್ಣ ಹಲ್ಲಿನ ಗರಗಸ ಹಿಡಿದು, ಒಂದೇ ಕಡೆ ಆಳಕ್ಕೆ ಹೋಗದೆ, ಸುತ್ತಲೂ ಸ್ವಲ್ಪ ಸ್ವಲ್ಪವೇ ಕೊರೆಯುತ್ತಾ ಬಂದರು. ಶೆಲ್ಲನ್ನು ತಿರುಗಿಸುವುದು ನನ್ನ ಕೆಲಸ. ಮುಕ್ಕಾಲು ಗಂಟೆಯಲ್ಲಿ ಕೆಳಭಾಗ ಕಳಚಿ ಕೈಗೆ ಬಂತು. ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಂಡಿದ್ದೆವು. ಹಳೇ ಪ್ಲಾಸ್ಟಿಕ್ಕು, ಹಳೇ ಬಣ್ಣದ ಧೂಳು ಒಳ್ಳೆಯದಲ್ಲ.

ಇನ್ನು ಮುಂದಿನದೇ ನಿಜವಾದ ಕೆಲಸ. ಡ್ರಮ್ಮಿನ ದನಿ ಇರುವುದು ಅಂಚಿನಲ್ಲಿ ಸ್ವಾಮಿ! ಸ್ಕಿನ್ನು ಮರವನ್ನು ಮುಟ್ಟುವುದು ಆ ಒಂದು ಗೆರೆಯಲ್ಲಿ ಮಾತ್ರ. ಅಲ್ಲಿ ಒಂದು ಕಡೆ ತಗ್ಗಿದ್ದರೂ ಎಷ್ಟು ಬೋಲ್ಟು ತಿರುಗಿಸಿದರೂ ಶ್ರುತಿ ಕೂರುವುದಿಲ್ಲ.

ಗಾಜಿನ ಮೇಲೆ ಒರಟು ಉಪ್ಪುಕಾಗದ ಅಂಟಿಸಿ, ಅದರ ಮೇಲೆ ಶೆಲ್ಲನ್ನು ಎಂಟರ ಆಕಾರದಲ್ಲಿ ಉಜ್ಜಬೇಕು. ಹತ್ತು ಸಲ ಉಜ್ಜಿದ ಮೇಲೆ ಕಾಲು ಸುತ್ತು ತಿರುಗಿಸಿ ಹಿಡಿಯಬೇಕು. ಇಲ್ಲದಿದ್ದರೆ ಕೈಯ ಭಾರ ಒಂದೇ ಕಡೆ ಬಿದ್ದು ಆ ಕಡೆ ಸವೆಯುತ್ತದೆ. ಆಮೇಲೆ ನಯವಾದ ಕಾಗದ. ಪರೀಕ್ಷೆ ಬಲು ಸುಲಭ. ಕೋಣೆಯ ದೀಪ ಆರಿಸಿ, ಬರೀ ಗಾಜಿನ ಮೇಲೆ ಶೆಲ್ಲು ನಿಲ್ಲಿಸಿ, ಒಳಗೆ ಮೊಬೈಲ್ ಟಾರ್ಚು ಹಚ್ಚಿಡಿ. ಅಂಚಿನ ಕೆಳಗಿಂದ ಬೆಳಕು ಇಣುಕಿದರೆ ಅಲ್ಲಿ ತಗ್ಗಿದೆ ಎಂದರ್ಥ. ಮತ್ತೆ ಉಜ್ಜಿ! ನಮ್ಮದು ಮೂರನೇ ಸಲಕ್ಕೆ ಪೂರ್ತಿ ಕತ್ತಲಾಯಿತು. ಕತ್ತಲಾದಾಗ ಮನೆಯಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲಿರಬೇಕು!

ಹೊಸ ಅಂಚಿಗೆ ಒಳಗಡೆಯಿಂದ 45 ಡಿಗ್ರಿ ಓರೆ ಕೊಡಬೇಕು. ಅಂಚು ಚೂಪಾದಷ್ಟೂ ದನಿ ಕಂಚಿನಂತೆ, ದುಂಡಗಾದಷ್ಟೂ ಮೆತ್ತಗೆ, ಬೇಗ ನಿಲ್ಲುವಂತೆ. ಆಚಾರಿಯ ಹತ್ತಿರ ರೂಟರ್ ಮಷೀನು ಇತ್ತು. ಆದರೆ ಬುದ್ಧಿವಂತ ಮನುಷ್ಯ, ನೇರವಾಗಿ ನಮ್ಮ ಶೆಲ್ಲಿಗೆ ಕೈ ಹಾಕಲಿಲ್ಲ. ಕೊಯ್ದು ಬಿಸಾಡಬೇಕಿದ್ದ ಕೆಳಗಿನ ತುಂಡಿನ ಮೇಲೆ ಮೊದಲು ಕೈ ಪಳಗಿಸಿಕೊಂಡರು. "ಇದು ಹಾಳಾದ್ದು ಅಂತ ನೀವಂದ್ರಿ. ನನಗೆ ಇದೇ ಪಾಠ ಹೇಳಿಕೊಡ್ತು ನೋಡಿ" ಅಂದರು.

ಕೆಳಗಿನ ಅಂಚಿಗೆ ಇನ್ನೊಂದು ಸಂಸ್ಕಾರ ಇದೆ. ಸನ್ನೆ ಮತ್ತು ಹಿಡಿ ಬರುವ ಎರಡು ಜಾಗದಲ್ಲಿ ತಂತಿಯ ಪಟ್ಟಿ ಅಂಚನ್ನು ದಾಟಿ ಹೋಗುತ್ತದೆ. ಅಲ್ಲಿ ಅಂಚು ಒಂದೂವರೆ, ಎರಡು ಮಿಲಿಮೀಟರ್ ತಗ್ಗಿರಬೇಕು. ಹಳ್ಳವಲ್ಲ, ನಾಲ್ಕು ಬೆರಳಗಲದಲ್ಲಿ ಇಳಿದದ್ದೇ ಕಾಣದಂತೆ ಇಳಿದು ಏರುವ ತಗ್ಗು. ಇದಿಲ್ಲದಿದ್ದರೆ ತಂತಿ ಸ್ಕಿನ್ನಿಗೆ ಪೂರ್ತಿ ಒತ್ತಿಕೊಳ್ಳದೆ 'ಝರ್ ಝರ್' ಅನ್ನುತ್ತದೆ. ಫ್ಲೋರ್ ಟಾಮಿಗೂ ಸೈಡ್ ಡ್ರಮ್ಮಿಗೂ ಮರದಲ್ಲಿರುವ ವ್ಯತ್ಯಾಸ ಇದೊಂದೇ! ಅರ ಹಿಡಿದು, ಆಮೇಲೆ ಉಪ್ಪುಕಾಗದ ಹಿಡಿದು, ಒಂದು ಸಂಜೆ ಪೂರ್ತಿ ಕೂತು ಇದನ್ನು ನಾನೇ ಮಾಡಿದೆ. ಕೊನೆಗೆ ಎರಡೂ ಅಂಚಿಗೆ ಮೇಣದ ಬತ್ತಿ ಸವರಿದೆ, ಸ್ಕಿನ್ನು ಜಾರಿ ಕೂರಲಿ ಅಂತ.

ಹಳೇ ಲಗ್ಗಿನ 12 ತೂತುಗಳಿಗೆ ಮರದ ಗೂಟ, ಫೆವಿಕಾಲ್. ಹೊರಗಡೆ ಕೆಂಪು ಹಾಳೆಯ ಮೇಲೆ 12 ಬೋಳು ಚುಕ್ಕೆ ಉಳಿದವು. ಹುಡುಗಿ ಒಳಗೆ ಓಡಿ ಹೋಗಿ ಕೆಂಪು ನೈಲ್ ಪಾಲಿಶ್ ತಂದು ಒಂದೊಂದಕ್ಕೂ ಹಚ್ಚಿದಳು! ಮೈಯ ಮಧ್ಯದಲ್ಲಿ ಅರ್ಧ ಇಂಚಿನ ಒಂದು ಗಾಳಿ ತೂತು ಕೊರೆದೆವು. ಏಟು ಬಿದ್ದಾಗ ಒಳಗಿನ ಗಾಳಿಗೆ ದಾರಿ ಬೇಕಲ್ಲ.

"ಉಸಿರು ಕಟ್ಟಿದೆ ಕಣಯ್ಯಾ"

ಜೋಡಿಸುವುದು ಒಂದು ಗಂಟೆಯ ಕೆಲಸ. ಬೋಲ್ಟುಗಳನ್ನೆಲ್ಲ ಮೊದಲು ಬೆರಳಲ್ಲೇ ಬಿಗಿ ಮಾಡಬೇಕು. ಆಮೇಲೆ ಕೀಲಿ ಹಿಡಿದು, ಒಂದನ್ನು ಅರ್ಧ ಸುತ್ತು ತಿರುಗಿಸಿದರೆ ಮುಂದಿನದು ಅದರ ಎದುರಿನದು. ಪಕ್ಕದ್ದಲ್ಲ! ಪ್ರತಿ ಬೋಲ್ಟಿನ ಮುಂದೆ ಒಂದಿಂಚು ಒಳಗೆ ಕೋಲಿನಿಂದ ಮೆಲ್ಲಗೆ ತಟ್ಟಿ, ಎಂಟೂ ಕಡೆ ಒಂದೇ ಸ್ವರ ಬರುವಂತೆ ಮಾಡಬೇಕು. ಕೆಳಗಿನ ಸ್ಕಿನ್ನು ಮೇಲಿನದಕ್ಕಿಂತ ಬಿಗಿ ಇದ್ದರೆ ತಂತಿ ಚುರುಕಾಗಿ ಮಾತಾಡುತ್ತದೆ.

ಮೇಷ್ಟ್ರ ಕೋಣೆಯಲ್ಲೇ ಸ್ಟ್ಯಾಂಡ್ ಹಾಕಿದೆವು. ಹುಡುಗಿ ಕೂತಳು. ಒಂದು ಏಟು ಹಾಕಿದಳು. ಸದ್ದೇನೋ ಬಂತು, ಚೊಕ್ಕವಾಗಿಯೇ ಬಂತು. ನಾನು ಮೇಷ್ಟ್ರ ಮುಖ ನೋಡಿದೆ. ಅವರ ಕಣ್ಣು ಮುಚ್ಚಿತ್ತು.

"ಇನ್ನೊಂದು ಸಲ. ಅಂಚಿನ ಹತ್ತಿರ. ಮೆತ್ತಗೆ."

ಅವಳು ಅಂಚಿನ ಹತ್ತಿರ ಮೆತ್ತಗೆ ಬಾರಿಸಿದಳು. ಬರೀ 'ಟುಕ್' ಅಂದಿತು. ತಂತಿ ಬಾಯಿ ಬಿಡಲಿಲ್ಲ.

"ಉಸಿರು ಕಟ್ಟಿದೆ ಕಣಯ್ಯಾ. ತಂತಿ ಕಾಲು ಸುತ್ತು ಬಿಡು."

ಬಿಟ್ಟೆ.

"ಇನ್ನೊಂದು ಚೂರು."

ಬಿಟ್ಟೆ. ಅವಳು ಅದೇ ಜಾಗದಲ್ಲಿ, ಬೆರಳಲ್ಲಿ ತಟ್ಟಿದಷ್ಟೇ ಮೆತ್ತಗೆ ಬಾರಿಸಿದಳು. ಈ ಸಲ ಆ ಸಣ್ಣ ಏಟಿಗೂ 20 ಎಳೆಗಳು ಒಟ್ಟಿಗೆ 'ಛಿಸ್' ಅಂದವು! ತಂಬೂರಿಯ ಜೀವಾಳ ಜಾಗಕ್ಕೆ ಬಂದಾಗ ಆಗುತ್ತದಲ್ಲ, ಥೇಟ್ ಹಾಗೆ. ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಮೆತ್ತಗಿನಿಂದ ಜೋರಿಗೆ, ಜೋರಿನಿಂದ ಮೆತ್ತಗೆ. ಮೇಷ್ಟ್ರ ಎಡಗೈ ಹೊದಿಕೆಯ ಮೇಲೆ ಎರಡಕ್ಕೂ ನಾಲ್ಕಕ್ಕೂ ತಟ್ಟುತ್ತಿತ್ತು.

"ದನಿ ಹೇಗಿದೆ ಮೇಷ್ಟ್ರೇ? ನಿಮ್ಮ ಹಳೇ ಸೈಡ್ ಡ್ರಮ್ಮಿನ ಥರ ಇದೆಯಾ?" ಅಂತ ಕೇಳಿದೆ.

"ಇಲ್ಲ" ಅಂದರು, ಸ್ವಲ್ಪವೂ ಯೋಚಿಸದೆ. "ಅದು ಬೇರೆ, ಇದು ಬೇರೆ. ಇದು ಅವಳದ್ದು."

ಸತ್ಯವಾದ ಮಾತು. ಹಳೇ ದನಿ ವಾಪಸು ತರುವುದು ಯಾರ ಕೈಲೂ ಆಗದು. ಆಗುವುದಿಷ್ಟೇ: ಮೂಕವಾಗಿ ಕೂತ ಗಟ್ಟಿ ಮರಕ್ಕೆ ಎರಡು ಸರಿಯಾದ ಅಂಚು, ಒಂದು ಸಾಲು ತಂತಿ ಕೊಟ್ಟು ಮತ್ತೆ ಮಾತಾಡಿಸುವುದು. ಇಡಿಯಾಗಿದ್ದು ಮೂಕವಾಗಿರುವುದು ಒಳ್ಳೆಯದೋ, ಅರ್ಧವಾಗಿ ಮಾತಾಡುವುದು ಒಳ್ಳೆಯದೋ, ನೀವೇ ಹೇಳಿ.

ರಾಜ್ಯೋತ್ಸವದ ರಸಮಂಜರಿ ಚೆನ್ನಾಗಿಯೇ ಆಯಿತು. 'ಗೀತಾ' ಚಿತ್ರದ ಹಾಡಿಗೆ ಒನ್ಸ್‌ಮೋರ್ ಬಂತು ಅಂತ ಹುಡುಗಿ ಫೋನು ಮಾಡಿದಳು. ಮೇಷ್ಟ್ರಿಗೆ ಹೋಗಲಾಗಲಿಲ್ಲ. ಮೊಬೈಲಿನಲ್ಲಿ ಹಾಕಿ ತೋರಿಸಿದ್ದನ್ನು ಕಣ್ಣು ಮುಚ್ಚಿಕೊಂಡು ಕೇಳಿದರಂತೆ.

ನಿಮ್ಮ ಮನೆಯ ಅಟ್ಟದಲ್ಲೋ, ಮುಚ್ಚಿಹೋದ ಬ್ಯಾಂಡ್ ಸೆಟ್ಟಿನ ಗೋದಾಮಿನಲ್ಲೋ ಇಂಥದ್ದೊಂದು ಬಿದ್ದಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮುಂಚೆ ಒಂದು ನಾಣ್ಯ ಹಿಡಿದು ಸುತ್ತ ತಟ್ಟಿ ನೋಡಿ. 'ಟಕ್ ಟಕ್' ಅಂದರೆ ಮರ ಬದುಕಿದೆ. ಹಾಗೇ ಒಳಗೊಮ್ಮೆ ಬೆಳಕು ಬಿಟ್ಟೂ ನೋಡಿ. ಯಾರು ಏನು ಬರೆದಿಟ್ಟಿದ್ದಾರೋ!

ಅಂದ ಹಾಗೆ, ಚಿಂತಾಮಣಿ 1991ರ ಕೆಳಗೆ, ಹೊಸ ಅಂಚಿಗೆ ಮುಂಚೆ, ಒಂದು ಬೆರಳಗಲದ ಖಾಲಿ ಜಾಗ ಉಳಿದಿದೆ. ಹುಡುಗಿ ಅಲ್ಲಿ ಇನ್ನೂ ಏನೂ ಬರೆದಿಲ್ಲ. ಸ್ಕಿನ್ನು ಹರಿಯಬೇಕಲ್ಲ!